ಇಲ್ಲದ ಹಸುವಿನ ಹಿಂದೆ ಹಾಲೆಂಡಿಗೆ

ಬಾಗೂರಿನ ಆಚೆ, ನಮ್ಮೂರು

ಹಾಲೆಂಡಿಗೆ ಹೋಗಿ ಬಂದೆ ಅಂದರೆ ಜನ ಮೊದಲು ಕೇಳುವುದು ಊಟದ ವಿಷಯ, ಆಮೇಲೆ ಕಕ್ಕಸಿನ ವಿಷಯ. ಎರಡೂ ಬರೆಯುತ್ತೇನೆ. ಆದರೆ ಯಾಕೆ ಹೋದೆ ಅನ್ನುವುದನ್ನು ಮೊದಲು ಹೇಳದಿದ್ದರೆ ಮುಂದಿನದೆಲ್ಲ ಬುರುಡೆ ಅನ್ನಿಸೀತು.

ನಮ್ಮದು ಚನ್ನರಾಯಪಟ್ಟಣ ತಾಲೂಕು, ಬಾಗೂರಿನ ಆಚೆಗಿರುವ ಹಳ್ಳಿ. ಅಲ್ಲಿಯ ಹೆಂಗಸರ ಹಾಲಿನ ಸಂಘಕ್ಕೆ ನಾನು ಅಧ್ಯಕ್ಷೆ. ಸಂಘ ಕಟ್ಟಿದವಳು ಮಾತ್ರ ನನ್ನ ಓರಗಿತ್ತಿ ಕೆಂಪಮ್ಮ. ಅವಳ ಬಾಯಿಗೆ ಹೆದರಿಯೇ ಅರ್ಧ ಊರು ಹಾಲಿಗೆ ನೀರು ಹಾಕುವುದನ್ನು ಬಿಟ್ಟಿತ್ತು. ಅಂಥವಳು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸನದಲ್ಲಿ ಆಪರೇಷನ್ ಆಯಿತು. ಮಲಗಿರು ಅಂದರೆ ಮಲಗಿರದೆ, ಸೊಸೆ ಕೊಟ್ಟಿಗೆ ಗುಡಿಸಿದ್ದಾಳೋ ಇಲ್ಲವೋ ನೋಡಲು ಎದ್ದು ಹೋಗಿ ಇನ್ನೊಂದು ಸಲ ಬಿದ್ದಳು. ಮತ್ತೆ ಹಾಸನ. ಸೊಸೆ ಕೈಗೆ ಹಸು ಬಿಡಲು ಕೆಂಪಮ್ಮ ಒಪ್ಪದೆ, ಅದನ್ನು ಅರಕಲಗೂಡಿಗೆ ಕೊಟ್ಟಿರುವ ಮಗಳು ಟೆಂಪೋದಲ್ಲಿ ಹಾಕಿಕೊಂಡು ಹೋದಳು.

ಸಂಘದ ನಿಯಮ ಏನೆಂದರೆ, ಬಹಳ ದಿನ ಹಾಲು ಹಾಕದವರ ಹೆಸರು ತೆಗೆದುಬಿಡುತ್ತಾರೆ. ತೆಗೆದ ಮೇಲೆ ಮತ್ತೆ ಸೇರಿಸುವುದು ನಮ್ಮ ಕೈಯಲ್ಲಿಲ್ಲ, ಮೇಲಿನವರ ಕೈಯಲ್ಲಿದೆ. ಹೆಸರು ಹೋದರೆ ದನದ ಡಾಕ್ಟರ್ ಬರುವುದಿಲ್ಲ, ಹಿಂಡಿ ಸಿಗುವುದಿಲ್ಲ, ಸಭೆಯಲ್ಲಿ ಮಾತಾಡುವ ಹಾಗಿಲ್ಲ. ಮೊದಲಿನ ಎರಡನ್ನು ಕೆಂಪಮ್ಮ ತಡೆದುಕೊಂಡಾಳು, ಮೂರನೆಯದಕ್ಕೆ ಸತ್ತೇ ಹೋಗುತ್ತಾಳೆ.

ಅದಕ್ಕೆ ಮುಯ್ಯಿ ಮಾಡಿದೆವು. ನಾಟಿ ಕಾಲದಲ್ಲಿ ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಅಂತ ಮುಯ್ಯಾಳು ಹೋಗುವುದಿಲ್ಲವೇ, ಹಾಗೆ. ವಾರಕ್ಕೆ ಏಳು ದಿನ, ಏಳು ಮನೆ. ದಿನಕ್ಕೊಂದು ಮನೆಯವರು ಕೆಂಪಮ್ಮನ ಹೆಸರಿನಲ್ಲಿ, ಅವಳ ಹಸು ಕೊಡುತ್ತಿದ್ದಷ್ಟೇ ಅಳೆದು, ಹಾಲು ಹಾಕಬೇಕು. ನನ್ನದು ಗುರುವಾರ. ಒಬ್ಬರ ಹಸು ಬತ್ತಿದರೆ ಪಕ್ಕದ ಮನೆಯವರು ಆ ದಿನ ಹಾಕುವುದು. ವರ್ಷ ಕಳೆದರೂ ಒಂದು ದಿನ ತಪ್ಪಲಿಲ್ಲ.

ಈಗೆಲ್ಲ ಹಾಲು ಹಾಕಿದ ತಕ್ಷಣ ಫೋನಿನಲ್ಲಿ ಬರುತ್ತದೆ. ಆ ತಿಂಗಳು ಒಟ್ಟು ಎಷ್ಟು ಹಾಲು, ಎಷ್ಟು ಜಿಡ್ಡು, ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ, ಎಲ್ಲ ಕೂಡಿಸಿ ಹೆಸರಿಗೊಂದು ಬಣ್ಣದ ಗೆರೆ ಎಳೆದು ತೋರಿಸುತ್ತದೆ. ಆ್ಯಪು ಇಲ್ಲಿಯವರದೇ. ಒಳಗಿನ ಗೆರೆ ಮಾತ್ರ ಹಾಲೆಂಡಿನ ಒಂದು ಕಂಪನಿಯದು. ಅವರ ಕಸುಬೇ ಅದು. ಹೋಳಿಗೆ ಒಬ್ಬರದು, ಹೂರಣ ಇವರದು. ಬ್ಯಾಂಕಿನವರ ಹೋಳಿಗೆಗೂ ಇವರ ಹೂರಣ, ಬಟ್ಟೆ ಅಂಗಡಿಯವರ ಹೋಳಿಗೆಗೂ ಇವರ ಹೂರಣ. ತಿನ್ನುವವನಿಗೆ ರುಬ್ಬಿದವರು ಯಾರೆಂದು ಗೊತ್ತಾಗುವುದಿಲ್ಲ.

ಒಂದು ದಿನ ಆ ಕಂಪನಿಯ ಬೆಂಗಳೂರು ಆಫೀಸಿನಿಂದ ಶ್ರುತಿ ಅನ್ನುವ ಹುಡುಗಿ ಬಂದಳು. ಹೊಳೆನರಸೀಪುರದವಳು. ಕೈಯಲ್ಲಿ ಹೂವಿನ ಗುಚ್ಛ.

"ಅಜ್ಜೀ, ಕೆಂಪಮ್ಮನವರ ಹಸು ನಮ್ಮ ಕಂಪನಿಯಲ್ಲೇ ಫೇಮಸ್ಸು. ಎಲ್ಲಾ ಹಸುಗಳ ಗೆರೆ ಏರತ್ತೆ, ಇಳಿಯತ್ತೆ, ಕರು ಹಾಕೋ ಮುಂಚೆ ನಿಂತೇ ಹೋಗತ್ತೆ. ಇವರ ಹಸುದು ಮಾತ್ರ ನೆಟ್ಟಗೆ ಹೋಗ್ತಾನೇ ಇದೆ. ನಮ್ಮ ಗೆರೆ ನೋಡ್ಕೊಂಡು ಅಷ್ಟು ಚೆನ್ನಾಗಿ ಸಾಕಿದಾರೆ ಅಂತ ನಮ್ಮ ಬಾಸು ಖುಷಿಯಾಗಿ ಕೂತಿದಾರೆ. ಹಾಲೆಂಡಿಗೆ ಕರೆಸ್ತಾ ಇದಾರೆ."

ಹಸುವನ್ನು ತೋರಿಸಿ ಅಂತ ಅವಳು ಕೇಳಲಿಲ್ಲ. ಗೆರೆ ನೋಡಿದ್ದಾಳಲ್ಲ, ಹಸು ಯಾಕೆ?

ಒಳಗೆ ಮಲಗಿದ್ದ ಕೆಂಪಮ್ಮ ಅಲ್ಲಿಂದಲೇ ಕೂಗಿದಳು: "ನಂಗಾಗಕ್ಕಿಲ್ಲ ಕಣವ್ವಾ. ಅಧ್ಯಕ್ಷಿಣಿ ತಾಯಮ್ಮ ಅವ್ಳೆ, ಅವುಳ್ನ ಕರ್ಕಂಡೋಗು. ಮನೇಲಿ ಅವಳಿಗೇನು ಕ್ಯಾಮೆ ಅದೆ?"

ಹುಡುಗಿ ಕಾಫಿಗೆ ಎದ್ದಾಗ ನನ್ನ ಸೆರಗು ಜಗ್ಗಿ ಹತ್ತಿರ ಕರೆದಳು. "ಅಮ್ಮೀ, ಬಾಯಿ ಬಿಗಿ ಇಟ್ಕಂಡಿರು. ಅಸ ಇಲ್ಲ ಅಂತ ಗೊತ್ತಾದ್ರೆ ನನ್ನೆಸ್ರು ಕಿತ್ತಾಕ್ಬುಡ್ತಾರೆ. ಅಲ್ಲಿಗೋಗಿ ನ್ಯಾಯ ಪಂಚಾಯ್ತಿ ಮಾಡಕ್ಕೋಗ್ಬ್ಯಾಡ."

ವೀಸಾಕ್ಕೆ ಬೆರಳಚ್ಚು ತೆಗೆದುಕೊಳ್ಳುವಾಗ ನನ್ನ ಹೆಬ್ಬೆಟ್ಟು ಮೂಡಲೇ ಇಲ್ಲ. ಹಾಲು ಕರೆದೂ ಕರೆದೂ ಅಲ್ಲಿಯ ಗೆರೆಯೆಲ್ಲ ಸವೆದಿದೆ. ಅಲ್ಲಿದ್ದ ಹುಡುಗ ಒರೆಸಿದ, ಒತ್ತಿದ, ಕ್ರೀಮು ಹಚ್ಚಿದ. "ಅಜ್ಜಿ, ನೀವು ಯಾರೂ ಅಲ್ಲ ಅಂತ ಬರ್ತಿದೆ" ಅಂದ. ಕೊನೆಗೆ ಕಿರುಬೆರಳೊಂದು ಮೂಡಿತು. ಅದರ ಮೇಲೆ ಹಾಲೆಂಡಿಗೆ ಹೋದೆ.

ವಿಮಾನ

ಕಿಟಕಿ ಸೀಟು ನನ್ನದು. ಮಗ್ಗುಲಲ್ಲಿ ಶ್ರುತಿ, ಅವಳ ಮಗ್ಗುಲಲ್ಲಿ ಒಬ್ಬ ಬಿಳಿಯ. ಅವನ ಕಾಲು ಎಷ್ಟು ಉದ್ದವೆಂದರೆ ಎಲ್ಲಿಡಬೇಕೆಂದು ತಿಳಿಯದೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಚಕ್ಕುಲಿ ಡಬ್ಬ ಮುಂದೆ ಹಿಡಿದೆ. ಒಂದು ತೆಗೆದುಕೊಂಡ. ಇನ್ನೊಂದು ತಗೋ ಅಂದರೆ ಗಾಬರಿಯಾಗಿ ಎರಡೂ ಕೈ ಅಲ್ಲಾಡಿಸಿದ. ಇವರಲ್ಲಿ ಎರಡನೆಯದು ತೆಗೆದುಕೊಂಡರೆ ಆಸೆಬುರುಕ ಅಂತಾರಂತೆ. ನಮ್ಮಲ್ಲಿ ಒಂದೇ ತೆಗೆದುಕೊಂಡರೆ ಚಕ್ಕುಲಿ ಕೆಟ್ಟಿದೆ ಅಂತ. ಒಂಬತ್ತು ಗಂಟೆ ಅವನೂ ಮುಜುಗರದಲ್ಲಿ ಕೂತ, ನಾನೂ ಕೂತೆ.

ಕಕ್ಕಸಿನ ವಿಷಯ: ಗುಂಡಿ ಒತ್ತಿದರೆ ಹುಲಿ ಗರ್ಜಿಸಿದ ಹಾಗೆ ಸದ್ದು ಮಾಡಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸೀರೆ ಉಟ್ಟವರು ಮೊದಲು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಮೇಲೆ ಒತ್ತಬೇಕು. ಇಷ್ಟು ಯಾರೂ ಹೇಳಿಕೊಡುವುದಿಲ್ಲ. ಸೊಂಟಪಟ್ಟಿ ಕಟ್ಟುವುದನ್ನು ಮಾತ್ರ ನಾಲ್ಕು ಸಲ ತೋರಿಸುತ್ತಾರೆ.

ಆಮ್‌ಸ್ಟರ್‌ಡ್ಯಾಮಿನ ಬಾಗಿಲು

ಊರ ಹೆಂಗಸರು ಒಂದು ಗಂಟು ಕಟ್ಟಿಕೊಟ್ಟಿದ್ದರು. ನಮ್ಮ ಕಪ್ಪುಬಿಳಿ ಎಚ್ಚೆಫ್ ಹಸುಗಳ ಮೂಲ ಆ ದೇಶವಂತೆ. ಅಂದರೆ ಅದು ಹಸುವಿನ ತವರು. ತವರಿಗೆ ಬರಿಗೈಯಲ್ಲಿ ಹೋಗುತ್ತಾರೆಯೇ? ಅರಿಶಿನ, ಕುಂಕುಮ, ಬಳೆ, ರವಿಕೆ ಕಣ. ಇಷ್ಟಲ್ಲದೆ ನಾನೇ ಕಾಯಿಸಿದ ಒಂದು ಬಾಟಲಿ ತುಪ್ಪ.

ತಪಾಸಣೆಯವನು ಗಂಟು ಬಿಚ್ಚಿದ. ಹಳದಿ ಪುಡಿ, ಕೆಂಪು ಪುಡಿ ಮೂಸಿದ, ಸೀನಿದ.

"ಇದು ಯಾರಿಗೆ ಅಂತ ಕೇಳ್ತಿದಾರೆ ಅಜ್ಜಿ."

"ಅಸೀಗೆ ಅನ್ನು."

ಶ್ರುತಿ ಹೇಳಿದಳು. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಬಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹಸುವಿನ ಯಾವ ಕಾಲಿಗೆ ಅಂತ ಯೋಚಿಸುತ್ತಿದ್ದರೋ ಏನೋ. ಕೊನೆಗೆ ಅದೆಲ್ಲ ಬಿಟ್ಟರು. ತುಪ್ಪ ಬಿಡಲಿಲ್ಲ. ಹೊರದೇಶದ ಹಾಲಿನ ಪದಾರ್ಥ ಅವರ ದೇಶದೊಳಕ್ಕೆ ಬರುವ ಹಾಗಿಲ್ಲವಂತೆ.

"ಆಲು ಸಂದಾಗಿ ಕರೀತಾರೆ ಅಂತ ಕರೆಸವ್ರೆ, ತುಪ್ಪ ಬುಡಕ್ಕಿಲ್ವಾ? ಕೇಳವ್ವ ಅವುನ್ನ."

ಅವಳು ಕೇಳಲಿಲ್ಲ. ಕಣ್ಣೆದುರೇ ಬಾಟಲಿ ಕಸದ ಡಬ್ಬಕ್ಕೆ ಹೋಯಿತು. ಅವನ ಮುಖ ಮಾತ್ರ ಮಗು ಸತ್ತವರ ಮನೆಗೆ ಬಂದವನ ಹಾಗಿತ್ತು. ಅಷ್ಟು ಮರ್ಯಾದೆಯಾಗಿ ತುಪ್ಪ ಎಸೆಯುವವರನ್ನು ನಾನು ನೋಡಿರಲಿಲ್ಲ.

ಕೆರೆ ಅಂಗಳದ ಊರು

ಹಾಲೆಂಡ್ ಅಂದರೆ ಏನೆಂದು ಒಂದೇ ಮಾತಿನಲ್ಲಿ ಹೇಳಬಹುದು. ಕೆರೆ ಒತ್ತುವರಿ. ಕಾಲು ಪಾಲು ದೇಶ ನೀರಿನ ಜಾಗ. ಏರಿ ಕಟ್ಟಿ, ನೀರು ಎತ್ತಿ ಆಚೆಗೆ ಹಾಕಿ, ಕೆರೆ ಅಂಗಳದಲ್ಲಿ ಮನೆ ಮಾಡಿಕೊಂಡಿದ್ದಾರೆ. ನಮ್ಮೂರಿನಲ್ಲಿ ಕೆರೆ ಪಕ್ಕ ನಾಲ್ಕು ಸಾಲು ರಾಗಿ ಬಿತ್ತಿದವನಿಗೆ ನೋಟೀಸು ಬರುತ್ತದೆ. ಇಲ್ಲಿ ಅದಕ್ಕೆ ರಾಜ, ರಾಣಿ, ಬಾವುಟ ಎಲ್ಲ ಇದೆ.

ಅಷ್ಟಾಗಿ ಒಂದು ಮನೆಗೂ ಪರದೆ ಇಲ್ಲ. ಬೀದಿಯಲ್ಲಿ ನಡೆದರೆ ಎರಡೂ ಕಡೆ ಅವರು ಉಣ್ಣುವುದು, ಓದುವುದು, ಕಾಲು ಒತ್ತಿಕೊಳ್ಳುವುದು ಎಲ್ಲ ಕಾಣುತ್ತದೆ. ನಾನು ನಿಂತು ನೋಡಿದೆ. ಶ್ರುತಿ ಕೈ ಎಳೆದಳು. ನೋಡಬಾರದಂತೆ. ಮುಚ್ಚುವುದೂ ಇಲ್ಲ, ನೋಡಲೂ ಬಾರದು! ನಮ್ಮಲ್ಲಿ ಬಾಗಿಲು ಮುಚ್ಚಿಕೊಂಡಿರುತ್ತಾರೆ, ಒಳಗೇನು ನಡೆಯಿತು ಅಂತ ಊರಿಗೆಲ್ಲ ಗೊತ್ತಿರುತ್ತದೆ. ನಮ್ಮದೇ ವಾಸಿ.

ಬಿಟ್ಟರೆ ಸೈಕಲ್ಲು. ರಸ್ತೆ ದಾಟುವಾಗ ಒಬ್ಬಳು, ನನ್ನ ವಯಸ್ಸಿನವಳೇ, ಗಂಟೆ ಬಾರಿಸಿಕೊಂಡು ಮೈಮೇಲೆ ಬಂದಳು. ನಾನು ಜಾಗ ಬಿಡಲಿಲ್ಲ. ಅವಳು ಇಳಿದು ಏನೋ ಬೈದಳು. ನಾನೂ ಬೈದೆ. ಇಬ್ಬರಿಗೂ ಹಗುರಾಯಿತು. ಆ ದೇಶದಲ್ಲಿ ಭಾಷೆ ಬರದೆಯೂ ಸರಿಯಾಗಿ ಆದ ಮೊದಲ ಮಾತುಕತೆ ಅದು.

ಊಟ: ಮಧ್ಯಾಹ್ನ ತಣ್ಣಗಿನ ಬ್ರೆಡ್ಡು, ತಣ್ಣಗಿನ ಚೀಸು. ಒಲೆ ಹೊತ್ತಿಸುವುದು ಸಂಜೆಗೆ ಮಾತ್ರ. ಆದರೆ ಕೋಟು ಹಾಕಿದ ದೊಡ್ಡ ಗಂಡಸರು ಬ್ರೆಡ್ಡಿನ ಜೊತೆ ಲೋಟಗಟ್ಟಲೆ ಮಜ್ಜಿಗೆ ಕುಡಿಯುತ್ತಾರೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಆದರೂ ಮಜ್ಜಿಗೆಯೇ. ಅದನ್ನು ಕುಡಿದೇ ಬದುಕಿದೆ.

ಗೆರೆ ಕಂಪನಿ

ಕಂಪನಿಯ ಯಜಮಾನ ಯಾನ್. ತಾಳೆಮರದ ಎತ್ತರ, ಮೂವತ್ತೈದು ಇರಬಹುದು. ನನ್ನ ಕೈ ಹಿಡಿದು ಕುಲುಕಿದವನು ಬಿಡಲೇ ಇಲ್ಲ.

ಆಫೀಸಿನಲ್ಲಿ ಯಾರೂ ಕೂರುವುದಿಲ್ಲ. ಬೆಳಗಿನ ಸಭೆ ನಿಂತುಕೊಂಡೇ. ಕೂತರೆ ಮಾತು ಉದ್ದವಾಗುತ್ತದಂತೆ. ನಮ್ಮ ಸಂಘದ ಸಭೆಯಲ್ಲಿ ಜಗಳ ಶುರುವಾಗುವುದೇ ಎಲ್ಲರೂ ಎದ್ದು ನಿಂತ ಮೇಲೆ. ಮಂಡಿ ನೋವು ಅಂತ ನಾನು ಕೂತೆ. ನಾನು ಕೂತೆ ಅಂತ ಮರ್ಯಾದೆಗೆ ಅವರೆಲ್ಲ ಕೂತರು. ಅವತ್ತಿನ ಸಭೆ ಊಟದ ಹೊತ್ತಿನವರೆಗೂ ಹೋಯಿತು.

ಈ ಕಂಪನಿಗೆ ದುಡ್ಡು ಹಾಕುವವರು ಬೇರೆಯವರು. ಅದನ್ನು ಶ್ರುತಿಯಿಂದ ಬಿಡಿಸಿ ಬಿಡಿಸಿ ಕೇಳಿದೆ.

"ಬಡ್ಡಿ ಕೇಳ್ತಾರಾ?"

"ಇಲ್ಲ ಅಜ್ಜಿ."

"ಅಡ?"

"ಅದೂ ಇಲ್ಲ."

"ಲಾಭದಾಗೆ ಪಾಲು?"

"ಲಾಭ ಇನ್ನೂ ಬಂದೇ ಇಲ್ಲ. ಬೆಳೀತಾ ಇರಬೇಕು, ಅಷ್ಟೇ ಅವರು ಕೇಳೋದು."

"ಲಾಬ ಇಲ್ದೆ ಇಷ್ಟ್ ಜನ ಏನ್ ತಿಂತೀರಮ್ಮಿ?"

"ಅವರು ಹಾಕಿದ ದುಡ್ಡನ್ನೇ."

ನನಗೆ ಅರ್ಥವಾಯಿತು. ಕಾಳಗದ ಟಗರು ಸಾಕುವವರು ಹೀಗೇ. ಹುರುಳಿ ಹಾಕುತ್ತಾರೆ, ಮೊಟ್ಟೆ ತಿನ್ನಿಸುತ್ತಾರೆ, ಅದು ಯಾವ ಕೆಲಸವನ್ನೂ ಮಾಡುವುದಿಲ್ಲ. ಒಂದು ದಿನ ಗುದ್ದಿ ಗೆದ್ದರೆ ಆಯಿತು. ಇವರು ಗುದ್ದುವ ದಿನ ನಾಡಿದ್ದು. ದುಡ್ಡಿನವರೆಲ್ಲ ಸೇರುತ್ತಾರೆ, ನಾನು ವೇದಿಕೆ ಹತ್ತಬೇಕು.

ಆಮೇಲೆ ಯಾನ್ ಗೋಡೆಯಷ್ಟು ದೊಡ್ಡ ಪರದೆ ಹೊತ್ತಿಸಿದ. ಮೇಲೆ ಒಂದು ಹಸಿರು ಗೆರೆ. ಕೆಂಪಮ್ಮನ ಹಸು. ಬಯಲುಸೀಮೆಯ ರಸ್ತೆಯ ಹಾಗೆ ಉಬ್ಬಿಲ್ಲ, ತಗ್ಗಿಲ್ಲ. ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಒಬ್ಬಳು ಹುಡುಗಿ ಹಾಕಿದ್ದ ಅಂಗಿಯ ಮೇಲೆ ಕೆಂಪಮ್ಮ ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು, ಕೆಳಗೊಂದು ಹಸುವಿನ ಚಿತ್ರ. ಹಸುವಿನ ಹೆಸರೇ ಕೆಂಪಮ್ಮ ಅಂದುಕೊಂಡಿದ್ದಾರೆ. ಊರಿಗೆ ಹೋಗಿ ಇದನ್ನು ಹೇಳಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅಷ್ಟಕ್ಕೆ ನಿಂತಿದ್ದರೆ ನಾನೂ ನಕ್ಕು, ಹಲ್ಲು ತೋರಿಸಿ, ವಾಪಸು ಬರುತ್ತಿದ್ದೆ. ಯಾನ್ ಇನ್ನೊಂದು ಗುಂಡಿ ಒತ್ತಿದ. ಹಾಸನ, ಅರಕಲಗೂಡು, ಹೊಳೆನರಸೀಪುರ, ಎಲ್ಲ ಕಡೆಯ ಹೆಂಗಸರ ಹೆಸರು ಸಾಲಾಗಿ ಬಂತು. ಒಂದೊಂದರ ಮುಂದೆ ಕೆಂಪು ಚುಕ್ಕಿ.

"ಇದು ಮುಂದಿನ ತಿಂಗಳಿಂದ ಅಜ್ಜಿ" ಅಂದಳು ಶ್ರುತಿ. "ಎಲ್ಲರ ಹಸುವನ್ನೂ ಕೆಂಪಮ್ಮನವರ ಹಸು ಜೊತೆ ಹೋಲಿಸ್ತೀವಿ. ಇದರಷ್ಟು ಕೊಡದೇ ಇದ್ರೆ ಕೆಂಪು ಚುಕ್ಕಿ."

"ಚುಕ್ಕಿ ಬಿದ್ರೆ ಏನಾಯ್ತದೆ?"

"ಹಿಂಡಿ, ಡಾಕ್ಟರು, ಎಲ್ಲಾದಕ್ಕೂ ಅವರ ಸರದಿ ಹಿಂದಕ್ಕೆ ಹೋಗತ್ತೆ. ಚೆನ್ನಾಗಿ ಸಾಕೋರಿಗೆ ಮೊದಲು."

ಭೂಮಿಯ ಮೇಲಿಲ್ಲದ ಹಸುವಿನಷ್ಟು ಹಾಲು ಕೊಡಲಿಲ್ಲ ಅಂತ ಅಷ್ಟೂ ಹೆಂಗಸರಿಗೆ ಕೆಂಪು. ಕೆಂಪಮ್ಮನಿಗೆ ಮುಯ್ಯಿ ಹಾಕುವ ಏಳು ಮನೆಗೂ ಕೆಂಪು. ಮೂರನೇ ಸಾಲಿನಲ್ಲಿ ನನ್ನ ಹೆಸರು, ನನಗೂ ಕೆಂಪು. ಬಾಯಿ ಬಿಟ್ಟರೆ ಕೆಂಪಮ್ಮನ ಹೆಸರು ಹೋಗುತ್ತದೆ. ಬಿಡದಿದ್ದರೆ ಇವರೆಲ್ಲರ ಹಿಂಡಿ ಹೋಗುತ್ತದೆ.

ಹಸುವಿನ ತವರು

ಫೋಟೋಕ್ಕೆ ಅಂತ ಮಾರನೇ ದಿನ ಒಂದು ಹಳ್ಳಿಗೆ ರೈಲಿನಲ್ಲಿ ಕರೆದುಕೊಂಡು ಹೋದರು. ಕೊಟ್ಟಿಗೆ ಅನ್ನುವುದು ಹಾಸನದ ಬಸ್ ಸ್ಟಾಂಡಿನಷ್ಟು ದೊಡ್ಡದು. ಮಿಷನ್ನೇ ಹಾಲು ಕರೆಯುತ್ತದೆ. ಹಸು ತನಗೆ ಬೇಕೆನಿಸಿದಾಗ ತಾನೇ ನಡೆದು ಹೋಗಿ ಮಿಷನ್ನಿನೊಳಗೆ ನಿಲ್ಲುತ್ತದೆ, ಕರೆಸಿಕೊಂಡು ಆಚೆ ಬರುತ್ತದೆ. ಹಿಂದೆ ಇನ್ನೆರಡು ಸಾಲು ಹಿಡಿದು ನಿಂತಿರುತ್ತವೆ. ಒಂದೂ ನುಗ್ಗುವುದಿಲ್ಲ. ನಮ್ಮ ಸಂಘದ ಹೆಂಗಸರನ್ನು ಒಂದು ಸಲ ಇಲ್ಲಿಗೆ ತಂದು ತೋರಿಸಬೇಕು ಅನ್ನಿಸಿತು.

ಮುಂದೆ ನಿಂತಿದ್ದ ಹಸುವಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿದೆ. ರವಿಕೆ ಕಣ ಕೊಂಬಿಗೆ ಸುತ್ತೋಣ ಅಂದರೆ ಕೊಂಬೇ ಇಲ್ಲ, ಮೊದಲೇ ತೆಗೆಸಿಬಿಟ್ಟಿದ್ದಾರೆ. ಬೆನ್ನ ಮೇಲೆ ಹಾಕಿದೆ. ಅದು ತಿರುಗಿ ಕಣವನ್ನೇ ಜಗಿಯಲು ಶುರು ಮಾಡಿತು. ಆ ಮನೆಯಾಕೆ, ಕೆಂಪು ಕೆನ್ನೆಯ ದಪ್ಪ ಹೆಂಗಸು, ನನ್ನ ಮುಂದೆ ಬಂದು ತನ್ನ ಹಣೆ ಒಡ್ಡಿದಳು. ಅವಳಿಗೂ ಹಚ್ಚಿದೆ. ಬಳೆ ಕೊಟ್ಟರೆ ಅವಳ ಹೆಬ್ಬೆರಳಿಗೂ ಹೋಗಲಿಲ್ಲ. ನಮ್ಮ ಎಚ್ಚೆಫ್ಪಿನ ತವರಿಗೆ ಹೀಗೆ ಮಡಿಲು ತುಂಬಿದ್ದಾಯಿತು.

ಹಿಂದುಗಡೆ ಇನ್ನೊಂದು ಕೊಟ್ಟಿಗೆ. ಅಲ್ಲಿ ಹಾಲು ಬತ್ತಿದ ಹಸುಗಳು. ಒಳ್ಳೆ ಹುಲ್ಲಿನ ಹಾಸಿಗೆ, ಮೆಲುಕು ಹಾಕಿಕೊಂಡು ಬಿದ್ದಿದ್ದವು. ಇವರಲ್ಲೂ ಕರು ಹಾಕುವ ಮುಂಚೆ ಎರಡು ತಿಂಗಳು ರಜವೇ. ಒಂದು ನನ್ನನ್ನು ನೋಡಿ ಏಳುವ ಗೋಜಿಗೂ ಹೋಗಲಿಲ್ಲ, ಬಾಲ ಅಲ್ಲಾಡಿಸಿ ಮತ್ತೆ ಕಣ್ಣು ಮುಚ್ಚಿತು. ಮುಂದಿನ ತಿಂಗಳಿಂದ ಇದಕ್ಕೂ ಕೆಂಪು ಚುಕ್ಕಿ ಅಂದುಕೊಂಡೆ.

ವಾಪಸು ಬರುವಾಗ ರೈಲಿನಲ್ಲಿ ಶ್ರುತಿಯನ್ನು ಮಗ್ಗುಲಿಗೆ ಕೂರಿಸಿಕೊಂಡೆ.

"ಅಮ್ಮೀ, ಒಂದ್ ಮಾತು. ಕೆಂಪಮ್ಮನ ಅಸ ಅರ್ಕಲ್ಗೂಡಲ್ಲಿ ಅದೆ."

"ಯಾವಾಗ ಕಳಿಸಿದ್ರಿ?"

"ವರ್ಸಾಯ್ತು."

"ಮತ್ತೆ ಹಾಲು?"

"ನಮ್ದು. ಏಳ್ ಮನೇದು."

ಕಿಟಕಿಯಲ್ಲಿ ಮೂರು ಗಾಳಿಗಿರಣಿ ಹಿಂದಕ್ಕೆ ಹೋದವು. ಆಮೇಲೆ ಅವಳ ಬೆಂಗಳೂರು ಕನ್ನಡವೆಲ್ಲ ಉದುರಿಹೋಗಿ ಹೊಳೆನರಸೀಪುರ ಬಾಯಿಗೆ ಬಂತು. "ಅಯ್ಯೋ ಸಿವ್ನೇ! ಅಸಾನೇ ಇಲ್ವಾ ಅಜ್ಜೀ? ನಾನ್ ಆ ಅಸಿನ್ ಮ್ಯಾಲೆ ಕತೆ ಬರ್ದು, ಅಂಗಿ ಒಲ್ಸಿ, ಎಲ್ಲಾ ಮಾಡ್ಬುಟ್ಟಿವ್ನಲ್ಲಾ! ನನ್ ಕೆಲ್ಸ ಓಯ್ತು ಬುಡಿ."

"ನಿನ್ ಕೆಲ್ಸ ನಾಳೆ ನೋಡನಂತೆ. ಮೊದ್ಲು ಆ ಉದ್ದನೋನಿಗೆ ಎಂಗೆ ಯೋಳದು, ಅದ್ನ ಯೋಳು."

ಮತ್ತೆ ಗೆರೆ ಕಂಪನಿ

ಯಾನ್ ಮೊದಲು ನಕ್ಕ. ತಮಾಷೆ ಅಂದುಕೊಂಡ. ಶ್ರುತಿ ಅಳುವುದನ್ನು ನೋಡಿ ನಿಲ್ಲಿಸಿದ.

"ಯಾಕೆ ಅಂತ ಕೇಳ್ತಿದಾರೆ ಅಜ್ಜಿ."

"ಸ್ವಂಟ ಮುರ್ದದೆ ಅನ್ನು."

"ಅದಕ್ಕೆ ವಿಮೆ ಇಲ್ವಾ ಅಂತ."

"ಇದೇ ಕಣಮ್ಮಿ ಇಮೆ."

ಅವನು ಎದ್ದು ಗಾಜಿನ ಗೋಡೆಯ ಹತ್ತಿರ ಹೋಗಿ ಹಣೆ ಆನಿಸಿಕೊಂಡು ನಿಂತ. ಅಷ್ಟು ಉದ್ದದ ಮನುಷ್ಯ ಕುಗ್ಗಿದರೆ ಬಹಳ ಹೊತ್ತು ಕುಗ್ಗುತ್ತಲೇ ಇರುತ್ತಾನೆ. ದುಡ್ಡಿನವರಿಗೆ ಆ ಗೆರೆಯನ್ನು ಆಗಲೇ ಕಳಿಸಿ ಆಗಿದೆಯಂತೆ. ನಾಳೆ ನೀವು ಮಾತೇ ಆಡಬೇಡಿ, ನಿಂತು ನಕ್ಕರೆ ಸಾಕು ಅಂದ.

"ನಗಕ್ಕೆ ಇಲ್ಲೀಗಂಟ ಬರ್ಬೇಕಿತ್ತಾ? ನಮ್ಮೂರಾಗೇ ನಗ್ತಿದ್ದೆ. ನೋಡಪ್ಪಾ, ನಾಳೆ ನಾನು ನಿಜ ಯೋಳೇ ಯೋಳ್ತೀನಿ. ಅದ್ಕೂ ಮುಂಚೆ ಕೆಂಪಮ್ಮನ ಎಸ್ರು ಓಗ್ದಂಗೆ ನೀನು ಮಾಡು. ಮಾಡ್ಲಿಲ್ವಾ, ನಿಜಾನೂ ಯೋಳ್ತೀನಿ, ತುಪ್ಪದ್ ಇಸ್ಯಾನೂ ಯೋಳ್ತೀನಿ."

ನಿಯಮ ನನಗೆ ಬಾಯಿಪಾಠ. ಹೆಸರಿನಲ್ಲಿ ಹಾಲು ಬೀಳಬೇಕು ಅಂತಿದೆಯೇ ಹೊರತು, ಯಾವ ಹಸುವಿನದು ಅಂತ ಸಂಘ ಎಲ್ಲೂ ಕೇಳಿಲ್ಲ. ಒಂದು ಹೆಸರಿಗೆ ಒಂದು ಹಸು ಅಂತ ಕಟ್ಟುನಿಟ್ಟು ಮಾಡಿದ್ದು ಇವರ ಹೂರಣ. ಇವರು ಕಟ್ಟಿದ ಗಂಟು ಇವರೇ ಬಿಚ್ಚಬೇಕು. ಬಿಚ್ಚಿದರೆ ನಮ್ಮ ಮೇಲಿನವರು ಪ್ರಶ್ನೆ ಮಾಡುವುದಿಲ್ಲ. ಪರದೆಯ ಮೇಲೆ ಬಂದದ್ದನ್ನು ಇವತ್ತಿನವರೆಗೆ ಯಾರೂ ಪ್ರಶ್ನೆ ಮಾಡಿದ್ದು ನಾನು ಕಂಡಿಲ್ಲ.

ಅದನ್ನು ಬಿಚ್ಚುವುದು ಯಾರ ಕೆಲಸ ಅನ್ನುವುದಕ್ಕೇ ಸಂಜೆಯಾಯಿತು. ಒಬ್ಬ ಬಂದು ನಾ ಬರೀ ಬಣ್ಣ ಅಂದ. ಇನ್ನೊಬ್ಬ ನಾ ಬರೀ ಗುಂಡಿ ಅಂದ. ಗಾಜಿನ ಮೇಲೆಲ್ಲ ಅರಿಶಿನ ಬಣ್ಣದ ಚೀಟಿ ಅಂಟಿಸಿದರು, ಕಿತ್ತರು, ಬೇರೆ ಕಡೆ ಅಂಟಿಸಿದರು. ಈ ಹೊಸ ಏರ್ಪಾಡಿಗೆ ಏನು ಹೆಸರು ಅಂತ ಕೈ ಎತ್ತಿ ಮತ ಹಾಕಿದರು, ಯಾವುದಕ್ಕೂ ಬಹುಮತ ಬರಲಿಲ್ಲ. ನಿಮ್ಮಲ್ಲಿ ಏನಂತೀರಿ ಅಂತ ಯಾನ್ ನನ್ನ ಕಡೆ ತಿರುಗಿದ. ಮುಯ್ಯಿ ಅಂದೆ. ಹೇಳಲು ನಾಲಿಗೆ ತಿರುಗದೆ ಆ ಅಷ್ಟೂ ಜನ ಮುಯಿ, ಮುಯಿ ಅಂತ ಕರುಗಳ ಹಾಗೆ ಕೂಗಿದರು. ರಾತ್ರಿಯ ಹೊತ್ತಿಗೆ ಕೆಲಸ ಮುಗಿದು ಶ್ರುತಿಯ ಫೋನಿನಲ್ಲಿ ಬಂತು. ಕೆಂಪಮ್ಮ, ಮುಯ್ಯಿ, ಏಳು ಮನೆ. ಹೋಲಿಸಲು ಹಸುವೇ ಇಲ್ಲದ ಮೇಲೆ ಕೆಂಪು ಚುಕ್ಕಿಯ ಪಟ್ಟಿಯನ್ನೂ ತೆಗೆದಿದ್ದರು. ನನ್ನ ಕಣ್ಣೆದುರೇ ಒತ್ತಿಸಿ, ಎರಡು ಸಲ ನೋಡಿ, ಆಮೇಲೆ ನಾಳೆ ಬರುತ್ತೇನೆ ಅಂದೆ.

ವೇದಿಕೆ

ಹಳೇ ಚರ್ಚು, ಈಗ ಛತ್ರದ ಹಾಗೆ ಬಾಡಿಗೆಗೆ ಕೊಡುತ್ತಾರೆ. ಒಳಗೆ ಎಲ್ಲ ಬೂದು ಬಣ್ಣದ ಬಟ್ಟೆಯವರು. ಮದುವೆಯೂ ಅಲ್ಲ, ಸಾವೂ ಅಲ್ಲ. ಯಾನ್ ಮೊದಲು ಮಾತಾಡಿದ. ಆಮೇಲೆ ನಾನು.

"ನನ್ನೆಸ್ರು ತಾಯಮ್ಮ. ಆ ಗೆರೆ ಒಂದ್ ಅಸೀದಲ್ಲ, ಏಳ್ ಮನೇದು. ಕೆಂಪಮ್ಮ ಮಲಗವ್ಳೆ, ಅವ್ಳು ಏಳೋಗಂಟ ಆಕ್ತೀವಿ. ಯಾವ್ ಅಸಾನೂ ಅಂಗೆ ಕರಿಯಕ್ಕಿಲ್ಲ, ಅಂಗೆ ಕರೀಲಿ ಅಂತ ಕಾಯೋನು ದನ ಸಾಕ್ಬಾರ್ದು."

ನಾನು ಹೇಳಿದ್ದು ನಾಲ್ಕು ಮಾತು, ಶ್ರುತಿ ಇಂಗ್ಲಿಷಿನಲ್ಲಿ ಹೇಳಿದ್ದೂ ನಾಲ್ಕೇ. ಸರಿಯಾಗಿಯೇ ಹೇಳಿದಳು ಅಂತ ಅದರಿಂದ ಗೊತ್ತಾಯಿತು. ಯಾನ್ ಬೂಟು ನೋಡುತ್ತಿದ್ದ.

ಮುಂದಿನ ಸಾಲಿನಲ್ಲಿ ಕೂದಲು ಬೆಳ್ಳಗಿದ್ದ ಒಬ್ಬ ಹೆಂಗಸು ಕೈ ಎತ್ತಿದಳು. ಎಲ್ಲರಿಗಿಂತ ಹೆಚ್ಚು ದುಡ್ಡು ಹಾಕುವವಳು ಅವಳೇ ಅಂತ ಶ್ರುತಿ ಪಿಸುಗುಟ್ಟಿದಳು.

"ಏಳು ಜನರಲ್ಲಿ ಒಬ್ಬರು ನೀರು ಬೆರೆಸಿದರೆ ಏನು ಮಾಡ್ತೀರಿ ಅಂತಾರೆ ಅಜ್ಜಿ."

"ಬೆರುಸ್ತಾರೆ. ಬಯ್ತೀವಿ."

"ಯಾರು ಬೆರೆಸಿದ್ದು ಅಂತ ಹೇಗೆ ಗೊತ್ತಾಗತ್ತೆ ಅಂತ."

"ಗೊತ್ತಾಗಕ್ಕಿಲ್ಲ. ಎಲ್ಲಾರ್ನೂ ಬಯ್ತೀವಿ."

ಅವಳು ನಗಲು ಶುರು ಮಾಡಿದಳು. ಅವಳು ನಕ್ಕ ಮೇಲೆ ಉಳಿದವರೂ ನಕ್ಕರು. ದುಡ್ಡಿನವರ ಪದ್ಧತಿ ಎಲ್ಲ ಕಡೆ ಒಂದೇ. ಅಷ್ಟರಲ್ಲಿ ಯಾನ್‌ಗೆ ಜೀವ ಬಂತು. ಮೈಕು ಕಿತ್ತುಕೊಂಡು, ನಮ್ಮ ಕಂಪನಿ ಮುಯ್ಯಿ ಅನ್ನುವ ಹೊಸದೊಂದನ್ನು ಕಂಡುಹಿಡಿದಿದೆ, ಏಳು ಮನೆಯ ಹಾಲನ್ನೂ ಬೇರೆ ಬೇರೆ ಗೆರೆಯಾಗಿ ತೋರಿಸುತ್ತೇವೆ, ಯಾರು ನೀರು ಹಾಕಿದರೆಂದು ಕೂತಲ್ಲೇ ಗೊತ್ತಾಗುತ್ತದೆ ಅಂದ. ನಿನ್ನೆ ನನ್ನ ಬಾಯಿಂದ ಕೇಳಿದ ಮಾತನ್ನು ಇವತ್ತು ನನ್ನೆದುರೇ ಕಂಡುಹಿಡಿದ. ಕದ್ದ ಅನ್ನಲಾರೆ. ಮುಯ್ಯಿ ತೆಗೆದುಕೊಂಡವನು ಒಂದಲ್ಲ ಒಂದು ದಿನ ವಾಪಸು ಮಾಡಲೇಬೇಕು, ಅದು ಅವನಿಗಿನ್ನೂ ಗೊತ್ತಿಲ್ಲ.

ದುಡ್ಡು ಹಾಕಿದರಂತೆ. ಶ್ರುತಿಯ ಕೆಲಸ ಉಳಿಯಿತು. ಅಂಗಿಯ ಮೇಲೆ ಇನ್ನೂ ಆರು ಹಸು ಹಾಕಿಸುತ್ತಾರಂತೆ.

ನಮ್ಮೂರು

ಬಸ್ಸಿಳಿದು ಚೀಲ ಮನೆಗೆ ಕಳಿಸಿ ಸೀದಾ ಕೆಂಪಮ್ಮನ ಮನೆಗೆ ಹೋದೆ. ನಿನ್ನ ಹೆಸರು ಉಳಿಯಿತು ಕಣೇ, ಇನ್ನು ಯಾರೂ ಕೀಳುವ ಹಾಗಿಲ್ಲ ಅಂದೆ. ಕೂತುಕೋ ಅನ್ನಲಿಲ್ಲ. ದಿಂಬಿಗೆ ಒರಗಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಏಳು ಗೆರೆ, ಏಳು ಬಣ್ಣ. ನಾನು ವಿಮಾನದಲ್ಲಿರುವಾಗಲೇ ಬಂದಿತ್ತಂತೆ.

"ಗುರ್ವಾರುದ್ದು ಯಾರ್ದೇ?"

"ನಂದು."

"ನೀನ್ ಇರ್ಲಿಲ್ಲ. ಯಾರಾಕ್ದೋರು?"

"ಸೊಸೆ."

"ಜಿಡ್ಡು ನೋಡಿಲ್ಲಿ. ಇದೇನ್ ಆಲಾ, ಕಲಗಚ್ಚಾ? ಇಷ್ಟ್ ದಿನ ನನ್ನೆಸ್ರಲ್ಲಿ ಇಂಥಾ ನೀರುಯ್ತಿದ್ರೇನ್ರೇ ನೀವು? ಕರೀ ಅವುಳ್ನ. ಮಂಗಳವಾರದೋಳ್ನೂ ಕರಿ. ಸನಿವಾರದೋಳು ವಾಸಿ, ಅವಳಿಗೆ ಆಮೇಲೆ ಬಯ್ತೀನಿ."

ಅವತ್ತಿನಿಂದ ಇದೇ ಆಯಿತು. ಬೆಳಗಿನ ಹಾಲು ಹಾಕಿ ಮನೆ ಸೇರುವುದರೊಳಗೆ ಫೋನು ಬಡಿದುಕೊಳ್ಳುತ್ತದೆ. ಹಿಂಡಿ ಏನು ಹಾಕಿದೆ, ಕರುವಿಗೆ ಎಷ್ಟು ಬಿಟ್ಟೆ, ಪಾತ್ರೆ ಯಾಕೆ ಒರೆಸಲಿಲ್ಲ? ಮಲಗಿದಲ್ಲಿಂದಲೇ ಏಳು ಕೊಟ್ಟಿಗೆ ಆಳುತ್ತಿದ್ದಾಳೆ. ಓಡಾಡುವಾಗ ಒಂದನ್ನೇ ಆಳುತ್ತಿದ್ದಳು. ನನ್ನ ಸೊಸೆ ಗುರುವಾರ ಬಂತೆಂದರೆ ಹಿಂದಿನ ದಿನದಿಂದಲೇ ಹಸುವಿಗೆ ಹತ್ತಿಕಾಳು ನೆನೆಹಾಕುತ್ತಾಳೆ.

ಕೋಲು ಹಿಡಿದು ದಿನಾ ಸ್ವಲ್ಪ ಸ್ವಲ್ಪ ನಡೆಸಿ ಅಂತ ಹಾಸನದ ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಅವಳೂ ಏಳುತ್ತಿರಲಿಲ್ಲ, ನಾವೂ ಎಬ್ಬಿಸುತ್ತಿರಲಿಲ್ಲ. ಈಗ ಏಳು ಮನೆಯವರೂ ಸರದಿಯ ಮೇಲೆ ಹೋಗಿ, ಎರಡೂ ರಟ್ಟೆ ಹಿಡಿದು, ಅಂಗಳದ ತುಂಬ ನಡೆಸುತ್ತಿದ್ದೇವೆ. ನಮಗೇನು ಅವಳ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿಲ್ಲ. ಅವಳು ಎದ್ದು, ಅರಕಲಗೂಡಿನಿಂದ ಆ ಹಸುವನ್ನು ತರಿಸಿಕೊಂಡು, ತನ್ನ ಹಾಲು ತಾನೇ ಹಾಕಿಕೊಂಡರೆ ನಾವು ಬದುಕಿಕೊಳ್ಳುತ್ತೇವೆ. ನಿನ್ನೆ ಬಾಗಿಲವರೆಗೂ ಒಬ್ಬಳೇ ಬಂದಳು.